ಬೆಂಗೇರಿಯ ಖಾದಿ ಬಾವುಟ, 25 ರೂಪಾಯಿಯ ಪಾಲಿಯೆಸ್ಟರ್ ಬಾವುಟ: ಯಾವುದು ಎಲ್ಲಿಗೆ?

ಆಗಸ್ಟ್ ಬಂತೆಂದರೆ ಬಾವುಟ ಕೊಳ್ಳಲು ಹೊರಟವರ ಮುಂದೆ ಎರಡು ಬಗೆಯ ಸರಕು ಬಂದು ಬೀಳುತ್ತೆ. ಒಂದು, ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ತಯಾರಾದ, ಐಎಸ್‌ಐ ಗುರುತಿನ ಖಾದಿ ಬಾವುಟ. ಇನ್ನೊಂದು, ಯಂತ್ರದಲ್ಲಿ ಅಚ್ಚಾಗಿ ಬರುವ ಪಾಲಿಯೆಸ್ಟರ್. 2022ರ ಹರ್ ಘರ್ ತಿರಂಗಾ ಅಭಿಯಾನದ ಹೊತ್ತಿಗೆ 30×20 ಇಂಚಿನ ಬಾವುಟ ಅಂಚೆ ಕಚೇರಿಗಳಲ್ಲಿ 25 ರೂಪಾಯಿಗೆ ಸಿಕ್ಕಿತ್ತು. ಖಾದಿಯದು ಅದರ ಹಲವು ಪಟ್ಟು. ಹೆಚ್ಚಿಗೆ ಕೊಟ್ಟ ದುಡ್ಡಿಗೆ ಏನು ಬರುತ್ತೆ, ಏನು ಬರೋದಿಲ್ಲ ಅನ್ನೋದು ಗೊತ್ತಿದ್ದು ಕೊಂಡರೆ ಒಳ್ಳೇದು.

ಮೊದಲು ಬಟ್ಟೆ. ಬೆಂಗೇರಿಯ ಬಾವುಟಕ್ಕೆ ಬೇಕಾದ ಖಾದಿ ನೇಯೋದು ಧಾರವಾಡ ಹತ್ತಿರದ ಗರಗ, ಬಾಗಲಕೋಟೆ ಕಡೆಯ ತುಳಸಿಗೇರಿಯಂಥ ಊರುಗಳಲ್ಲಿ. ಬಾವುಟದ ಮೈಗೆ ತೆಳುವಾದ ಬಂಟಿಂಗ್ ಬಟ್ಟೆ, ಹಗ್ಗ ಹಾಯುವ ಪಟ್ಟಿಗೆ ದಪ್ಪನೆಯ ಡಕ್ ಬಟ್ಟೆ. ಕೇಸರಿ, ಬಿಳಿ, ಹಸಿರು ಮೂರನ್ನೂ ಬೇರೆ ಬೇರೆ ಕತ್ತರಿಸಿ ಹೊಲಿದು ಸೇರಿಸುತ್ತಾರೆ. ಅದಕ್ಕೂ ಮೊದಲೇ ಬಿಳಿ ಪಟ್ಟಿಯ ಎರಡೂ ಮೈಗೆ ಚಕ್ರ ಅಚ್ಚು ಹಾಕಿರುತ್ತಾರೆ, ಕೊನೆಗೆ ಡಕ್ ಪಟ್ಟಿಯೊಳಗೆ ಹಗ್ಗ ಹಾಯಿಸಿ ತುದಿಗೆ ಮರದ ಟಾಗಲ್, ಅಂದರೆ ಕಂಬದ ಹಗ್ಗದ ಕುಣಿಕೆಗೆ ಸಿಕ್ಕಿಸುವ ಪುಟ್ಟ ಕಡ್ಡಿ, ಕಟ್ಟುತ್ತಾರೆ. ಇಷ್ಟರಲ್ಲಿ ಅತಿ ಹೆಚ್ಚು ಕೆಡೋದು ಚಕ್ರ. ಎರಡು ಬದಿಯ ಅಚ್ಚು ಕೂದಲೆಳೆಯಷ್ಟು ಜಾರಿದರೂ ಬೆಳಕಿಗೆ ಹಿಡಿದಾಗ 24 ಗೆರೆ ಇರಬೇಕಾದ ಕಡೆ 48 ಕಾಣುತ್ತೆ. ಅಂಗಡಿಯಲ್ಲಿ ಮಾಡಬೇಕಾದ ಮೊದಲ ಪರೀಕ್ಷೆಯೂ ಇದೇ: ಬಾವುಟ ಬಿಚ್ಚಿಸಿ, ಕಿಟಕಿಗೆ ಅಡ್ಡ ಹಿಡಿದು ನೋಡಿ.

ಎರಡನೆಯ ಪರೀಕ್ಷೆಗೆ ಒಂದು ಸ್ಕೇಲ್ ಸಾಕು. ಉದ್ದ–ಅಗಲ 3:2 ಇರಲೇಬೇಕು. 900×600 ಮಿ.ಮೀ. ಬಾವುಟದಲ್ಲಿ ಪ್ರತಿ ಪಟ್ಟಿ 200 ಮಿ.ಮೀ., ಚಕ್ರದ ವ್ಯಾಸ 185. ಅಂದರೆ ಚಕ್ರಕ್ಕೂ ಕೇಸರಿಗೂ ನಡುವೆ, ಚಕ್ರಕ್ಕೂ ಹಸಿರಿಗೂ ನಡುವೆ ಏಳೂವರೆ ಮಿ.ಮೀ. ಬಿಳಿ ಮಾತ್ರ ಉಳಿಯಬೇಕು. 1350×900ರದ್ದಾದರೆ ಚಕ್ರ 280, ಸಂದು 10 ಮಿ.ಮೀ. ಅಗ್ಗದ ಬಾವುಟಗಳು ಸಿಕ್ಕಿಬೀಳೋದು ಇಲ್ಲೇ. ಚಕ್ರ ಬಿಲ್ಲೆಯಷ್ಟಾಗಿ ನಡುವೆ ತೇಲುತ್ತಿರುತ್ತೆ, ಇಲ್ಲವೇ ಬಟ್ಟೆ ಎಳೆದು ಕತ್ತರಿಸಿದ್ದರಿಂದ ಮೊಟ್ಟೆಯಾಕಾರಕ್ಕೆ ತಿರುಗಿರುತ್ತೆ. ಮೂರು ಬಣ್ಣವೂ ಒಂದೇ ಬಟ್ಟೆಯ ಮೇಲೆ ಅಚ್ಚಾಗಿರೋದರಿಂದ ಅಂಚಲ್ಲಿ ಹಸಿರು ಬಿಳಿಯೊಳಗೆ ಹಬ್ಬಿರುತ್ತೆ. ಒಂದೇ ಬದಿಗೆ ಅಚ್ಚು ಹಾಕಿದ್ದರೆ ಹಿಂದಿನಿಂದ ಚಕ್ರ ಮಸುಕು.

ಮಳೆಯ ವಿಷಯಕ್ಕೆ ಬಂದರೆ ಮಾತ್ರ ಪಾಲಿಯೆಸ್ಟರ್ ಗೆಲ್ಲುತ್ತೆ, ಇದರಲ್ಲಿ ಮುಚ್ಚುಮರೆ ಬೇಡ. ಆಗಸ್ಟ್ 15 ನಮ್ಮಲ್ಲಿ ಮಳೆಗಾಲದ ಹಬ್ಬ. ನೆನೆದ ಖಾದಿ ನೀರು ಕುಡಿದು ಕಂಬಕ್ಕೆ ಅಂಟಿಕೊಳ್ಳುತ್ತೆ, ಸಣ್ಣ ಗಾಳಿಗೆ ಅಲುಗಾಡೋದೂ ಇಲ್ಲ. ಪಾಲಿಯೆಸ್ಟರ್ ಕೊಡವಿದರೆ ಅರ್ಧ ಒಣಗಿತು. ಮಲೆನಾಡು, ಕರಾವಳಿಯ ಶಾಲೆಗಳವರಿಗೆ ಇದು ಹೊಸ ವಿಷಯವೇನಲ್ಲ. ಆದರೆ ಗಾಳಿಗೆ ಬಡಿದುಕೊಳ್ಳುವ ತುದಿಯನ್ನು ಮಡಿಚಿ ಹೊಲಿಯದೆ ಹಾಗೇ ಕತ್ತರಿಸಿ ಬಿಟ್ಟ ಪಾಲಿಯೆಸ್ಟರ್ ಬೇಗ ಎಳೆ ಬಿಡುತ್ತೆ. ಕೊಳ್ಳುವಾಗ ಆ ಅಂಚನ್ನು ಬೆರಳಲ್ಲಿ ಸವರಿ ನೋಡಿ. ಪ್ಲಾಸ್ಟಿಕ್ ಬಾವುಟವಂತೂ ಬೇಡವೇ ಬೇಡ.

ಇಷ್ಟೇ ಆಗಿದ್ದರೆ ಇದು ಛತ್ರಿ ಕೊಳ್ಳುವಷ್ಟೇ ಸರಳ ಲೆಕ್ಕ. ಆದರೆ ಈ ಬಟ್ಟೆಯಲ್ಲಿ ಬಟ್ಟೆಗಿಂತ ಹೆಚ್ಚಿನದು ನೇಯ್ದುಕೊಂಡಿದೆ. 1921ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಪಿಂಗಳಿ ವೆಂಕಯ್ಯ ತಂದ ವಿನ್ಯಾಸದಿಂದ 1947ರವರೆಗೆ ಕಾಂಗ್ರೆಸ್ಸಿನ ಬಾವುಟದ ಮೇಲೆ ಚರಕ ಇತ್ತು. 1947ರ ಜುಲೈ 22ರಂದು ಸಂವಿಧಾನ ಸಭೆ ಒಪ್ಪಿದ ಬಾವುಟದಲ್ಲಿ ಚರಕದ ಜಾಗಕ್ಕೆ ಅಶೋಕ ಚಕ್ರ ಬಂತು. ಚಿತ್ರ ಹೋಯಿತು, ಕೆಲಸ ಉಳಿಯಿತು: ಬಾವುಟ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಬಟ್ಟೆಯದ್ದೇ ಆಗಿರಬೇಕೆಂಬ ನಿಯಮದ ರೂಪದಲ್ಲಿ. ಬಾವುಟ ಬಳಸುವ ನಿಯಮಗಳ ಪಟ್ಟಿಯಾದ 2002ರ ಧ್ವಜ ಸಂಹಿತೆಯಲ್ಲೂ ಅದೇ ಇತ್ತು. ಹತ್ತಿ, ಉಣ್ಣೆ, ರೇಷ್ಮೆ ಏನೇ ಇರಲಿ, ಖಾದಿಯಾಗಿರಬೇಕು. 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರ್‌ಗೂ ಬಾಗಿಲು ತೆರೆಯಿತು. ಕೇಂದ್ರದ ವಾದ, ಬಾವುಟ ಪ್ರತಿ ಮನೆಗೂ ಮುಟ್ಟಬೇಕು ಅನ್ನೋದು. ಬೆಂಗೇರಿಯವರ ವಾದ, ನೂಲುವ ಕೈಗಳಿಗೆ ಕೆಲಸವಿಲ್ಲದೆ ಬಾವುಟ ಏನು ಹೇಳುತ್ತೆ ಅನ್ನೋದು. 2022ರ ಜುಲೈನಲ್ಲಿ ಸಂಘದವರು ಪ್ರತಿಭಟನೆಗೂ ಕೂತರು, ಕಾಂಗ್ರೆಸ್ ಅವರ ಬೆನ್ನಿಗೆ ನಿಂತಿತು. ಅಲ್ಲಿಂದ ಖಾದಿ ಬಾವುಟ ಅಂದರೆ ಒಂದು ಪಕ್ಷ, ಪಾಲಿಯೆಸ್ಟರ್ ಅಂದರೆ ಇನ್ನೊಂದು ಪಕ್ಷ ಎಂದು ಓದುವವರು ಹುಟ್ಟಿಕೊಂಡರು. ಬಾಲ್ಕನಿಗೆ ಬಾವುಟ ಕಟ್ಟುವವರು ಇಷ್ಟೆಲ್ಲ ಯೋಚಿಸುವುದಿಲ್ಲ. ಅಗ್ಗದ್ದು ಯಾವುದು ಅಂತ ನೋಡುತ್ತಾರೆ, ಅಷ್ಟೇ.

ಎರಡೂ ಕಡೆಯವರ ಮಾತಿನಲ್ಲೂ ಸ್ವಲ್ಪ ತೂತಿದೆ. ಎಲ್ಲರ ಮನೆಗೂ ಮುಟ್ಟಿಸಲು ಖಾದಿಯ ಬೆಲೆಗೆ ಸಹಾಯಧನ ಕೊಡುವ ದಾರಿಯೂ ಇತ್ತು. ಇತ್ತ ಕೈಮಗ್ಗ ಒಂದು ಅಭಿಯಾನದ ಅವಸರಕ್ಕೆ ಕೋಟಿಗಟ್ಟಲೆ ಬಾವುಟ ಹೊಲಿದು ಕೊಡಲಾರದು ಅನ್ನೋದೂ ನಿಜ.

ಬಟ್ಟೆಯ ಜಗಳ ಹೊಸತು, ಬಾವುಟದ್ದು ಹಳೆಯದು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿಗರು ಬಾವುಟ ಹಾರಿಸಿದ್ದು ಸರ್ಕಾರದ ನಿಷೇಧ ಮುರಿದು. ಅದೇ ತಿಂಗಳ 25ರಂದು ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ಸೇರಿದವರ ಮೇಲೆ ಗುಂಡು ಹಾರಿತು. 1994ರ ಆಗಸ್ಟ್ 15ರಂದು ಹುಬ್ಬಳ್ಳಿಯಲ್ಲೂ ಪೊಲೀಸರ ಗುಂಡಿಗೆ ಜನ ಸತ್ತರು. ಅಲ್ಲಿ ಪ್ರಶ್ನೆ ಈದ್ಗಾ ಮೈದಾನದಲ್ಲಿ ಬಾವುಟ ಯಾರು ಹಾರಿಸಬೇಕು ಅನ್ನೋದು. ಮರುವರ್ಷ ಅಲ್ಲಿನ ಮುಸ್ಲಿಮರ ಅಂಜುಮನ್ ಸಂಸ್ಥೆಯವರೇ ಹಾರಿಸಿದ ಮೇಲೆ ಆ ಕಾವು ಇಳಿಯಿತು. ಇನ್ನು 2024ರ ಜನವರಿಯಲ್ಲಿ ಮಂಡ್ಯದ ಕೆರಗೋಡಿನಲ್ಲಿ ಪಾತ್ರ ಅದಲುಬದಲಾಯಿತು. 108 ಅಡಿ ಕಂಬದ ಮೇಲಿದ್ದ ಹನುಮ ಧ್ವಜ ಇಳಿಸಿ ಆಡಳಿತ ಏರಿಸಿದ್ದು ಇದೇ ತ್ರಿವರ್ಣವನ್ನು. ಹುಬ್ಬಳ್ಳಿಯಲ್ಲಿ ವಿವಾದದ ಮೈದಾನಕ್ಕೆ ನುಗ್ಗಲು ಹಿಡಿದ ಬಾವುಟ ಕೆರಗೋಡಿನಲ್ಲಿ ಸರ್ಕಾರದ ಶಾಂತಿಪಾಲನೆಯ ಬಟ್ಟೆ. ಬೆಂಗೇರಿಯ ಹೊಲಿಗೆಯಾಗಲಿ ಯಂತ್ರದ ಅಚ್ಚಾಗಲಿ, ಅದನ್ನು ಯಾರಿಗೆ ಎದುರಾಗಿ ಏರಿಸುತ್ತಾರೆ ಅನ್ನೋದರ ಮೇಲೆ ಅರ್ಥ ನಿಂತಿತ್ತು.

ಮತ್ತೆ ಅಂಗಡಿಗೆ. ಶಾಲೆ, ಪಂಚಾಯಿತಿ, ಸಂಘದ ಕಚೇರಿಯಂಥ ಕಡೆ, ವರ್ಷಕ್ಕೆ ನಾಲ್ಕಾರು ದಿನ ಕಂಬಕ್ಕೆ ಏರಿಸಿ ಇಳಿಸುವವರು ಖಾದಿಯದ್ದೇ ಕೊಳ್ಳಿ. ಡಕ್ ಪಟ್ಟಿ, ಟಾಗಲ್ ಇರೋದರಿಂದ ಹಗ್ಗ ಜಾರದೆ ಸಲೀಸಾಗಿ ಏರುತ್ತೆ. ಮನೆಯ ಬಾಲ್ಕನಿಯಲ್ಲಿ ಹಗಲುರಾತ್ರಿ ಕಟ್ಟಿಡುವವರಿಗೆ ಅಂಚು ಹೊಲಿದ, ಎರಡೂ ಬದಿ ಚಕ್ರ ಸರಿಯಿರುವ ಪಾಲಿಯೆಸ್ಟರ್ ಸಾಕು. 2022ರ ಜುಲೈನಿಂದ ಮನೆಗಳಲ್ಲಿ ರಾತ್ರಿಯೂ ಹಾರಿಸಬಹುದು. ಇದರ ಅಡ್ಡಪರಿಣಾಮ ಎಲ್ಲ ಬೀದಿಯಲ್ಲೂ ಕಾಣುತ್ತೆ: ಸಂಜೆ ಇಳಿಸುವ ಅಭ್ಯಾಸ ತಪ್ಪಿ ಬಾವುಟ ದೀಪಾವಳಿವರೆಗೂ ಅಲ್ಲೇ ಹರಿದು ನೇತಾಡುತ್ತಿರುತ್ತೆ. ಹರಿದ, ಮಾಸಿದ ಬಾವುಟ ಹಾರಿಸೋದು ಸಂಹಿತೆಗೆ ವಿರುದ್ಧ. ಕಟ್ಟುವ ದಿನವೇ ಬಿಚ್ಚುವ ದಿನವನ್ನೂ ಗೊತ್ತು ಮಾಡಿಕೊಳ್ಳಿ. ಕಬ್ಬಿಣದ ತಂತಿಯಲ್ಲಿ ಬಿಗಿಯಬೇಡಿ, ಒಂದು ಮಳೆಗೆ ಬಿಳಿಯ ಮೇಲೆ ತುಕ್ಕು ಇಳಿಯುತ್ತೆ. ಗೋಡೆಗೆ ಪಟ್ಟಿಗಳು ಮೇಲಿಂದ ಕೆಳಕ್ಕೆ ಬರುವಂತೆ ಉದ್ದುದ್ದ ತೂಗುಹಾಕುವವರು ಎದುರು ನಿಂತವರ ಎಡಕ್ಕೆ ಕೇಸರಿ ಬರುವ ಹಾಗೆ ನೋಡಿಕೊಳ್ಳಿ.

ಮಡಿಚುವಾಗ ಕೇಸರಿ ಮತ್ತು ಹಸಿರನ್ನು ಬಿಳಿಯ ಕೆಳಗೆ ಮಡಿಚಿ, ಆಮೇಲೆ ಎರಡೂ ತುದಿಯನ್ನು ಒಳಕ್ಕೆ ತಂದರೆ ಮೇಲೆ ಚಕ್ರ ಉಳಿಯುತ್ತೆ. ಖಾದಿಯನ್ನು ಹಸಿ ಇರುವಾಗ ಹೀಗೆ ಮಡಿಚಿದಿರೋ, ಬಣ್ಣ ಗಟ್ಟಿಯಿಲ್ಲದಿದ್ದರೆ ಹಸಿರು ನೇರ ಬಿಳಿಗೆ ಹತ್ತುತ್ತೆ, ಜನವರಿಗೆ ತೆಗೆದಾಗ ಬೂಷ್ಟಿನ ಚುಕ್ಕಿಯೂ ಇರುತ್ತೆ. ನೆರಳಲ್ಲಿ ಪೂರ್ತಿ ಒಣಗಿಸಿಯೇ ಒಳಗಿಡಿ.

ಕೆಲಸ ಮುಗಿದ ಬಾವುಟವನ್ನು ಮರೆಯಲ್ಲಿ, ಪೂರ್ತಿಯಾಗಿ, ಆದಷ್ಟೂ ಸುಟ್ಟೇ ವಿಲೇವಾರಿ ಮಾಡಬೇಕು ಅನ್ನುತ್ತೆ ಸಂಹಿತೆ. ಖಾದಿಯಾದರೆ ಅಗಲ ಬಾಂಡಲಿಯಲ್ಲಿಟ್ಟು ಕಡ್ಡಿ ಗೀರಿದರೆ ಸಾಕು, ಹಿಡಿ ಬೂದಿ. ಪಾಲಿಯೆಸ್ಟರ್ ಉರಿಯುವುದಕ್ಕಿಂತ ಕರಗೋದೇ ಹೆಚ್ಚು. ಕಪ್ಪು ಹೊಗೆ ಬಿಟ್ಟು ಹನಿಹನಿಯಾಗಿ ಬೀಳುತ್ತೆ, ಕೈಗೆ ತಾಗಿದರೆ ಅಂಟಿಕೊಂಡು ಸುಡುತ್ತೆ. ಬಯಲಲ್ಲಿ, ಮರಳು ಹರಡಿದ ತಗಡಿನ ಮೇಲೆ, ಮಕ್ಕಳನ್ನು ದೂರವಿಟ್ಟು ಮಾಡಿ.