ಎರಡು ಮಳೆಗಾಲ ಕಂಡ 10×50 ಬೈನಾಕ್ಯುಲರ್: ತೋಟದ ಮನೆಯಿಂದ ಒಂದು ವಿಮರ್ಶೆ

ಟೆಲಿಸ್ಕೋಪ್ ಕೊಳ್ಳಬೇಕು ಅಂತ ಆಸೆಪಡುವವರು ಮೊದಲು ಒಂದು 10×50 ಬೈನಾಕ್ಯುಲರ್ ಕೊಳ್ಳಿ. ಐವತ್ತು ದಾಟಿದವರಿಗಂತೂ ಇದೇ ಸರಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಆದರೆ ಮಲೆನಾಡಿನವರು ಜೊತೆಗೇ ಗಾಳಿಯಾಡದ ಒಂದು ಡಬ್ಬಿಯನ್ನೂ ಕೊಳ್ಳಿ. ಅದಿಲ್ಲದೆ ಕೊಂಡರೆ ದುಡ್ಡು ದಂಡ.

ನಮ್ಮದು ಸಾಗರದ ಕಡೆ ಅಡಿಕೆ ತೋಟದ ಮನೆ. ಎಸ್ಸೆಸ್ಸೆಲ್ಸಿ ಆದ ಮೇಲೆ ನಾನು ವಿಜ್ಞಾನದ ಪುಸ್ತಕ ಮುಟ್ಟಿದವಳಲ್ಲ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ಊರಿಗೆ ಊರೇ ಟಿವಿಯಲ್ಲಿ ನೋಡಿತು, ನಾನೂ ನೋಡಿದೆ. ಆಮೇಲೆ ಯೂಟ್ಯೂಬ್ ತಾನಾಗಿಯೇ ಅಂಥದ್ದನ್ನೇ ತಂದು ಮುಂದಿಡತೊಡಗಿತು. ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತರೆ ಕೈಗೆ ಕೆಲಸ, ಕಿವಿ ಖಾಲಿ. ಅಲ್ಲಿವರೆಗೆ ಧಾರಾವಾಹಿ ಕೇಳುತ್ತಿದ್ದೆವು, ಆ ವರ್ಷ ನಕ್ಷತ್ರದ ವಿಷಯ ಕೇಳಿದೆವು. ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಷ್ಟಕ್ಕಷ್ಟೆ. ಪೇಟೆಗೆ ಹೋದಾಗಲೇ ಡೌನ್‌ಲೋಡ್ ಮಾಡಿಕೊಂಡು ಬರಬೇಕು.

ಹಾಗೆ ಕೇಳುವಾಗ ಒಂದು ರಾತ್ರಿ ಬೀಟಲ್‌ಜ್ಯೂಸ್ ಅನ್ನುವ ಕೆಂಪು ನಕ್ಷತ್ರದ ಮಾತು ಬಂತು. 2019ರ ಕೊನೆಗೆ ಅದು ಮಂಕಾಗತೊಡಗಿತಂತೆ. ಇನ್ನೇನು ಸಿಡಿಯುತ್ತದೆ ಅಂತ ಎಷ್ಟೋ ಜನ ಕಾದರಂತೆ. ಆಮೇಲೆ ನೋಡಿದರೆ ಅದೇ ಉಗುಳಿದ ಧೂಳು ಅಡ್ಡ ಬಂದಿತ್ತು. ಅಷ್ಟು ಹೊತ್ತೂ ಸುಮ್ನೆ ಕೇಳುತ್ತಿದ್ದೆ. ನಮ್ಮ ದೇಶದಲ್ಲಿ ಇದನ್ನೇ ಆರಿದ್ರಾ ಅನ್ನುತ್ತಾರೆ ಅಂದಾಗ ಕೈ ನಿಂತಿತು. ಆರಿದ್ರಾ ಅಂದರೆ ನಮಗೆ ಮಳೆ. ಗದ್ದೆ ಕೆಲಸದ ಲೆಕ್ಕವೆಲ್ಲ ಅದರ ಮೇಲೆ. ಅದೇ ಹೆಸರಿನ ನಕ್ಷತ್ರ ನಮ್ಮ ಗದ್ದೆ ಬಯಲಿಂದಲೇ ಕಾಣುತ್ತದೆ ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಹೇಳಿರಲಿಲ್ಲ.

ಎಂಬತ್ತು ದಾಟಿದ ಅತ್ತೆಗೆ ಮಳೆ ನಕ್ಷತ್ರಗಳೆಲ್ಲ ಬಾಯಿಪಾಠ. ಅವರೇ ಕೇಳಿದರು, "ಹಂಗಾದ್ರೆ ಆರಿದ್ರಾ ಮಳೇಲಿ ಆ ನಕ್ಷತ್ರ ಕಾಣ್ತದೇನೆ?"

ಕಾಣುವುದಿಲ್ಲ. ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಸೂರ್ಯ ವರ್ಷಕ್ಕೊಮ್ಮೆ 27 ನಕ್ಷತ್ರಗಳನ್ನೂ ದಾಟುತ್ತಾನೆ (ಸುತ್ತುವುದು ನಾವೇ, ಕಾಣುವುದು ಹಾಗೆ). ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ. ಜೂನ್ 22ರ ಹೊತ್ತಿಗೆ ಅವನು ಆರಿದ್ರಾಕ್ಕೆ ಬರುತ್ತಾನೆ, ಆ ದಿನಗಳ ಮಳೆಗೆ ಆ ಹೆಸರು. ಆಗ ಆ ನಕ್ಷತ್ರ ಹಗಲಿಡೀ ಸೂರ್ಯನ ಆಸುಪಾಸಲ್ಲೇ ಇರುತ್ತದೆ, ಬೆಳಕಿನಲ್ಲಿ ಕಾಣುವುದೆಲ್ಲಿಂದ? ನೋಡಬೇಕಾದರೆ ಆರು ತಿಂಗಳು ಕಾಯಬೇಕು. ಡಿಸೆಂಬರ್ ಕೊನೆಗೆ ಅದು ಸಂಜೆ ಪೂರ್ವದಲ್ಲಿ ಹುಟ್ಟಿ ನಡುರಾತ್ರಿ ನೆತ್ತಿಯ ಹತ್ತಿರ ಬರುತ್ತದೆ. ಸರಿಯಾಗಿ ಅಡಿಕೆ ಸುಲಿಯುವ ಕಾಲ! ಅತ್ತೆಗೆ ಇದನ್ನು ಹೇಳಲು ಹೋಗಿ ನಾನೇ ಮತ್ತೆ ಮತ್ತೆ ಕೇಳಿಸಿಕೊಂಡೆ, ಕಾಗದದ ಮೇಲೆ ಬರೆದು ನೋಡಿದೆ. ಬೈನಾಕ್ಯುಲರ್ ತರಿಸಿದ್ದು ಆಮೇಲೆ.

ಬೆಲೆ ಆರು ಸಾವಿರದ ಆಸುಪಾಸು. 10 ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ, 50 ಅಂದರೆ ಮುಂದಿನ ಗಾಜಿನ ಅಗಲ 50 ಮಿಲಿಮೀಟರ್. ಐವತ್ತನ್ನು ಹತ್ತರಿಂದ ಭಾಗಿಸಿದರೆ ಐದು. ಕಣ್ಣಿಗೆ ಬಂದು ಬೀಳುವ ಬೆಳಕಿನ ಅಗಲ ಅದು, 5 ಮಿಲಿಮೀಟರ್. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ 7 ಮಿಲಿಮೀಟರ್‌ವರೆಗೂ ಅರಳುತ್ತದೆ. ವಯಸ್ಸಾದ ಹಾಗೆ ಸಾಮಾನ್ಯವಾಗಿ 5ರ ಹತ್ತಿರಕ್ಕೆ ಇಳಿಯುತ್ತದೆ. ಹಾಗಾಗಿ 7×50ರಲ್ಲಿ ಬರುವ ಜಾಸ್ತಿ ಬೆಳಕು ನಮ್ಮಂಥವರ ಕಣ್ಣೊಳಗೆ ಹೋಗುವುದೇ ಇಲ್ಲ. ಈ ಲೆಕ್ಕ ನನಗೆ ಬಹಳ ಖುಷಿ ಕೊಟ್ಟಿತು. ವಯಸ್ಸಾಗಿದ್ದಕ್ಕೆ ಸರಿಹೊಂದುವ ಒಂದು ವಸ್ತುವಾದರೂ ಸಿಕ್ಕಿತಲ್ಲ!

ಕಾಣುವುದೇನು ಅಂತ ಎಲ್ಲರೂ ಕೇಳುತ್ತಾರೆ. ಚಂದ್ರನನ್ನು ಹುಣ್ಣಿಮೆಯಲ್ಲಿ ನೋಡಬೇಡಿ, ಬರೀ ಬಿಳುಪು. ಅರ್ಧ ಚಂದ್ರ ಇದ್ದಾಗ ಬೆಳಕು ಕತ್ತಲೆ ಸೇರುವ ಗೆರೆಯಲ್ಲಿ ನೋಡಿ, ಕುಳಿಗಳ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಚಂದ್ರಯಾನ-3ರಲ್ಲಿ ಇಳಿದ ವಿಕ್ರಮ್ ಕಾಣ್ತದಾ ಅಂತ ಕೇಳದ ನೆಂಟರೇ ಇಲ್ಲ. 3.84 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಅಷ್ಟು ಸಣ್ಣ ವಸ್ತು ನೆಲದ ಮೇಲಿನ ಯಾವ ಟೆಲಿಸ್ಕೋಪಿಗೂ ಕಾಣುವುದಿಲ್ಲ.

ನನಗೆ ಹುಚ್ಚು ಹಿಡಿಸಿದ್ದು ಗುರು ಗ್ರಹ. ಗೋಡೆಗೆ ಒರಗಿ, ಕೈ ಅಲುಗದ ಹಾಗೆ ಹಿಡಿದರೆ ಅದರ ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಸಣ್ಣ ಚುಕ್ಕಿಗಳು. ಗೆಲಿಲಿಯೋ 1610ರ ಜನವರಿಯಲ್ಲಿ ಕಂಡ ಅದೇ ನಾಲ್ಕು ಚಂದ್ರರು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅವುಗಳ ಜಾಗ ಬರೆದಿಡುತ್ತೇನೆ. ಹೊರಗಿನ ಕ್ಯಾಲಿಸ್ಟೋ ಸುಮಾರು 17 ದಿನಕ್ಕೆ ಒಂದು ಸುತ್ತು ಬರುತ್ತದೆ, ಹಿಡಿಯುವುದು ಸುಲಭ. ಒಳಗಿನ ಅಯೋಗೆ ನಲವತ್ತೆರಡೂವರೆ ಗಂಟೆ ಸಾಕು. ಅದು ಬಹಳ ಸಲ ಗುರುವಿನ ಬೆಳಕಲ್ಲೇ ಕರಗಿಹೋಗುತ್ತದೆ. ಮೂರೇ ಚುಕ್ಕಿ ಕಂಡ ರಾತ್ರಿ ನಾಲ್ಕನೆಯದು ಎಲ್ಲಿ ಹೋಯಿತು ಅಂತ ಯೋಚಿಸುವುದರಲ್ಲಿ ಬೇರೆಯೇ ಮಜಾ ಇದೆ.

ಕೃತ್ತಿಕೆ ಬರಿಗಣ್ಣಿಗೆ ಆರು ಚುಕ್ಕಿ, ಇದರಲ್ಲಿ ಒಂದು ಹಿಡಿ. ಆದರೆ ಯೂಟ್ಯೂಬಿನ ಬಣ್ಣ ನಿರೀಕ್ಷಿಸುವವರು ಕೊಳ್ಳದಿರುವುದೇ ವಾಸಿ. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಅನ್ನುವ ನಕ್ಷತ್ರಗಳ ದೊಡ್ಡ ರಾಶಿ (ಗ್ಯಾಲಕ್ಸಿ) ಕಂಡದ್ದು ಕನ್ನಡಿ ಮೇಲೆ ಉಸಿರು ಬಿಟ್ಟ ಹಾಗೆ, ಅಷ್ಟೇ. ಮನೆಯವರು ನೋಡಿ "ಇಷ್ಟಕ್ಕಾ ಆರು ಸಾವಿರ?" ಅಂದರು. ಶನಿಯ ಬಳೆಯೂ ಇದರಲ್ಲಿ ಕಾಣುವುದಿಲ್ಲ.

ಇನ್ನು ದೂರುಗಳು. ಕಿಲೋ ಹತ್ತಿರ ತೂಕ, ಐದು ನಿಮಿಷಕ್ಕೆ ಭುಜ ನೋಯುತ್ತದೆ. ನಿಂತು ನೋಡುವುದಕ್ಕಿಂತ ಒರಗು ಕುರ್ಚಿ ಒಳ್ಳೆಯದು. ಚಳಿಗಾಲದಲ್ಲಿ ಇಬ್ಬನಿ ಗಾಜನ್ನು ಮುಚ್ಚುತ್ತದೆ. ಸೆರಗಿನಲ್ಲಿ ಒರೆಸಬೇಡಿ, ತಾನೇ ಆರಲಿ. ನಮ್ಮ ಅಂಗಳದ ಮೇಲೆ ಅಡಿಕೆ ಒಣಗಿಸುವ ಚಪ್ಪರ, ಸುತ್ತ ಮರ, ಆಚೆ ಗುಡ್ಡ. ಆಕಾಶ ಬೇಕಾದರೆ ಗದ್ದೆ ಬಯಲಿಗೇ ಹೋಗಬೇಕು. ಸೂರ್ಯನ ಕಡೆ ಮಾತ್ರ ತಪ್ಪಿಯೂ ತಿರುಗಿಸಬೇಡಿ, ಕಣ್ಣು ಹೋಗುತ್ತದೆ.

ದೊಡ್ಡ ಶತ್ರು ಬೂಷ್ಟು. ಜೊತೆಗೆ ಬಂದ ಚೀಲ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಎಡಗಡೆ ಗಾಜಿನ ಒಳಗೆ ಬಿಳಿ ಬಲೆ ಎದ್ದಿತ್ತು. ಮಾರಿದವರಿಗೆ ಫೋನ್ ಮಾಡಿದರೆ ಇದು ವಾರಂಟಿಗೆ ಬರೋದಿಲ್ಲ ಅಂದರು. ಪೇಟೆಯಲ್ಲಿ ಕ್ಯಾಮೆರಾ ರಿಪೇರಿ ಮಾಡುವವರೊಬ್ಬರು ಬಿಚ್ಚಿ ತೊಳೆದುಕೊಟ್ಟರು, ಅಂಚಿನಲ್ಲಿ ಕಲೆ ಉಳಿದಿದೆ. ಈಗ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ತೇವ ಕುಡಿದು ಗುಲಾಬಿ ಬಣ್ಣವಾದರೆ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿ. ಅಡುಗೆ ಬಾಣಲೆ ಬೇಡ, ಆ ಬಣ್ಣ ವಿಷ. ಎರಡನೇ ಮಳೆಗಾಲದಲ್ಲಿ ಏನೂ ಆಗಿಲ್ಲ.

ಅದೇ ಮಳೆಗಾಲದ ಕೊನೆಗೆ, 2025ರ ಸೆಪ್ಟೆಂಬರ್ 7ರ ರಾತ್ರಿ, ಪೂರ್ಣ ಚಂದ್ರಗ್ರಹಣ ಬಂತು. ಮೋಡದ ಸಂದಿಯಲ್ಲೇ ತಾಮ್ರದ ಬಣ್ಣದ ಚಂದ್ರ ಸಿಕ್ಕಿತು. ಅತ್ತೆ ಪದ್ಧತಿಯಂತೆ ಊಟ ಬಿಟ್ಟರು, ಆದರೆ ಹೊರಗೆ ಬಂದು ಬೈನಾಕ್ಯುಲರ್ ಕೇಳಿ ಇಸಿದುಕೊಂಡು ನೋಡಿದರು. ವಾಪಸ್ ಕೊಟ್ಟದ್ದು ಬಹಳ ಹೊತ್ತಿನ ಮೇಲೆ.

ಕೊಳ್ಳುವವರು ಟ್ರೈಪಾಡಿಗೂ ಸ್ವಲ್ಪ ದುಡ್ಡು ಇಟ್ಟುಕೊಳ್ಳಿ, ಗುರುವಿನ ಚಂದ್ರರು ಆಗ ಸ್ಥಿರವಾಗಿ ಕಾಣುತ್ತಾರೆ. ಮೈದುನನ ಮಗ ಈಗ ಟೆಲಿಸ್ಕೋಪ್ ತರೋಣ ದೊಡ್ಡಮ್ಮ ಅಂತ ಗಂಟು ಬಿದ್ದಿದ್ದಾನೆ, ಅವನಿಗೆ ಶನಿಯ ಬಳೆ ನೋಡಬೇಕಂತೆ. ಈ ಸಲದ ಅಡಿಕೆ ದರ ನೋಡಿ ಹೇಳ್ತೀನಿ ಅಂದಿದ್ದೇನೆ.