ಬೆಂಗಳೂರಿನ ಟಿಪ್ಪು ಬೇಸಿಗೆ ಅರಮನೆ: ಹತ್ತು ನಿಮಿಷದಲ್ಲಿ ಮುಗಿಸ್ಬೇಡಿ, ಒಂದು ಗಂಟೆ ಇಟ್ಕೊಂಡು ಹೋಗಿ

ಕೆ.ಆರ್. ಮಾರ್ಕೆಟ್‌ಗೆ ನಾನು ಹದಿನೈದು ವರ್ಷದಿಂದ ಹೂವು ತರೋಕೆ ಹೋಗ್ತಾ ಇದೀನಿ, ವರಮಹಾಲಕ್ಷ್ಮಿ ಹಬ್ಬಕ್ಕೆ ಸೇವಂತಿಗೆ, ದಸರಾಕ್ಕೆ ಚೆಂಡು ಹೂವು ಎಲ್ಲಾ ಅಲ್ಲಿಂದಾನೆ, ಆದ್ರೆ ಅಲ್ಲಿಂದ ಹತ್ತು ನಿಮಿಷ ನಡೆದ್ರೆ ಸಿಗೋ ಟಿಪ್ಪು ಸುಲ್ತಾನ್ ಬೇಸಿಗೆ ಅರಮನೆ ಒಳಗೆ ಮಾತ್ರ ಒಂದು ಸಲಾನೂ ಕಾಲಿಟ್ಟಿರ್ಲಿಲ್ಲ. ಮಗಳಿಗೆ ಸ್ಕೂಲಲ್ಲಿ ಆಂಗ್ಲೋ-ಮೈಸೂರು ಯುದ್ಧದ ಪಾಠ ಬಂತು, ನೋಡ್ಲೇಬೇಕು ಅಂತ ಹಟ ಹಿಡಿದ್ಲು, ಹಂಗಾಗಿ ಹೋದ ಭಾನುವಾರ ನಾನು, ಅವ್ಳು, ನಮ್ಮ ಮಾವನವ್ರು ಮೂರು ಜನ ಹೊರಟ್ವಿ.

ಮೊದ್ಲು ಒಂದು ಮಾತು ಹೇಳ್ಬಿಡ್ತೀನಿ. ಆಟೋ ಹತ್ತಿ ಬರೀ "ಪ್ಯಾಲೇಸ್" ಅನ್ಬೇಡಿ. ನಮ್ಮ ಆಟೋದವ್ರು ಸೀದಾ ವಸಂತನಗರದ ದಾರಿ ಹಿಡಿದ್ರು, ಅಲ್ಲಿರೋದು ಒಡೆಯರ ಬೆಂಗಳೂರು ಅರಮನೆ, ಅದೇ ಬೇರೆ ಇದೇ ಬೇರೆ. ಅರ್ಧ ದಾರೀಲಿ ಇಳಿದು ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್ ಸ್ಟೇಷನ್‌ಗೆ ಬಂದು ಅಲ್ಲಿಂದ ನಡ್ಕೊಂಡು ಹೋದ್ವಿ, ಕೋಟೆ ವೆಂಕಟರಮಣ ಸ್ವಾಮಿ ದೇವಸ್ಥಾನ ಎಲ್ಲಿ ಅಂತ ಕೇಳಿ ಸಾಕು, ಅರಮನೆ ಅದರ ಪಕ್ಕದಲ್ಲೇ. ಕಾರು ತರೋ ಯೋಚ್ನೆ ಬೇಡ, ಪಾರ್ಕಿಂಗ್ ಹುಡುಕೋದ್ರಲ್ಲೇ ಅರ್ಧ ದಿನ ಹೋಗುತ್ತೆ.

ಟಿಕೆಟ್ ಇಪ್ಪತ್ತು ಇಪ್ಪತ್ತೈದು ರೂಪಾಯಿ ಅಷ್ಟೇ, ಮಕ್ಕಳಿಗೆ ಇಲ್ಲ.

ಮೈಸೂರು ಅರಮನೆ ಥರ ಥಳಥಳ ಅನ್ನುತ್ತೆ ಅಂದ್ಕೊಂಡು ಹೋದ್ರೆ ಬೇಜಾರಾಗುತ್ತೆ. ಇದು ಎರಡೇ ಮಹಡಿ, ಮುಂದೆ ಹುಲ್ಲು ಹಾಸು, ಹೆಚ್ಚೂ ಕಮ್ಮಿ ಪೂರ್ತಿ ತೇಗದ ಮರದ ಕೆಲಸ. ಆದ್ರೆ ಪಡಸಾಲೆ ಒಳಗೆ ಹೋಗಿ ನಿಂತ್ವಿ ನೋಡಿ, ಹೊರಗಡೆ ಆ ಹಾರ್ನು, ಆ ಧೂಳು, ಆ ಬಿಸಿಲು, ಒಳಗೆ ತಣ್ಣಗೆ ಗಾಳಿ ಆಡ್ತಾ ಇದೆ. ಎರಡು ಕಡೆನೂ ತೆರೆದಿರೋದ್ರಿಂದ ಗಾಳಿ ಈ ಕಡೆಯಿಂದ ಬಂದು ಆ ಕಡೆ ಹೋಗುತ್ತೆ. ಬೇಸಿಗೆ ಅರಮನೆ ಅಂತ ಯಾಕೆ ಅಂದ್ರು ಅನ್ನೋದು ಫ್ಯಾನ್ ಇಲ್ದೆ ಅಲ್ಲಿ ಐದು ನಿಮಿಷ ಕೂತ್ರೆ ಗೊತ್ತಾಗುತ್ತೆ.

ಕಂಬಗಳನ್ನ ಹತ್ರ ಹೋಗಿ ನೋಡಿ ದಯವಿಟ್ಟು. ಬುಡದಲ್ಲಿ ಕಲ್ಲಿನ ಪೀಠ, ಅದರ ಮೇಲೆ ಮರದ ಕಂಬ, ಉದ್ದಕ್ಕೂ ಗೀರು ಗೀರಾಗಿ ಕೆತ್ತಿದಾರೆ, ಮೇಲೆ ಹೋಗಿ ಎರಡು ಕಂಬದ ಮಧ್ಯೆ ದಳ ದಳ ಬಿಡಿಸಿದಂಗೆ ಕಮಾನು. ಗೋಡೆ ಮೇಲೆ ಹೂಬಳ್ಳಿ ಚಿತ್ರ, ಎಷ್ಟೋ ಕಡೆ ಮಾಸಿ ಹೋಗಿದೆ, ಮೂಲೇಲಿ ಮಾತ್ರ ಬಣ್ಣ ಇನ್ನೂ ಉಳಿದಿದೆ, ಮೊಬೈಲ್ ಜೂಮ್ ಮಾಡಿ ನೋಡಿದ್ರೆ ಒಂದೊಂದು ಎಲೆಗೂ ನರ ಎಳೆದಿರೋದು ಕಾಣುತ್ತೆ. ಅಂಥ ಕಂಬದ ಮೇಲೆ ಯಾರೋ ಕೀಲಿಯಿಂದ ಹೆಸರು ಕೆರೆದು ಹಾರ್ಟ್ ಬಿಡಿಸಿದಾರೆ. ಹೊಟ್ಟೆ ಉರೀತು ಕಣ್ರೀ. ಮಕ್ಕಳನ್ನ ಕರ್ಕೊಂಡು ಹೋಗೋವ್ರು ಇದನ್ನ ತೋರ್ಸಿ ಹೇಳಿ, ಇನ್ನೂರು ವರ್ಷ ದಾಟಿರೋ ಮರ ಇದು, ಕೆರೆದಿದ್ದು ಮತ್ತೆ ಕೂಡಲ್ಲ ಅಂತ.

ಈಗ ಇತಿಹಾಸ, ಇದನ್ನ ಓದ್ಕೊಂಡು ಹೋಗ್ಲೇಬೇಕು, ಯಾಕಂದ್ರೆ ಅಲ್ಲಿರೋ ಬೋರ್ಡು ಎರಡು ಮೂರು ಸಾಲಲ್ಲಿ ಮುಗಿಸುತ್ತೆ. ಕಟ್ಟೋಕೆ ಶುರು ಮಾಡಿದ್ದು ಹೈದರ್ ಅಲಿ, 1781ರಲ್ಲಿ. ಮಾರನೇ ವರ್ಷವೇ ಅವ್ನು ತೀರ್ಕೊಂಡ, ಕೆಲಸ ಮುಗಿಸಿದ್ದು ಮಗ ಟಿಪ್ಪು, 1791ರಲ್ಲಿ. ರಶ್ಕ್-ಎ-ಜನ್ನತ್ ಅಂತ ಹೆಸರು, ಅಂದ್ರೆ ಸ್ವರ್ಗಾನೇ ನೋಡಿ ಹೊಟ್ಟೆಕಿಚ್ಚು ಪಡ್ಬೇಕು ಅಂಥ ಜಾಗ. ಆ 1791 ಅನ್ನೋ ಇಸವಿ ನೋಡಿ. ಅದೇ ವರ್ಷ ಮಾರ್ಚ್ 21ರ ರಾತ್ರಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೈನ್ಯ ಬೆಂಗಳೂರು ಕೋಟೆಗೆ ನುಗ್ಗಿದ್ದು. ಅರಮನೆ ಇದ್ದಿದ್ದು ಆ ಕೋಟೆ ಒಳಗೇ. ಹತ್ತು ವರ್ಷ ಕೂತು ಕಟ್ಟಿದ ಅರಮನೆ ಮುಗಿದ ವರ್ಷಾನೇ ಊರು ಕೈ ಬಿಟ್ಟು ಹೋಯ್ತು, 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಕೊಟ್ಟು ಇಬ್ಬರು ಗಂಡು ಮಕ್ಕಳನ್ನ ಒತ್ತೆ ಇಟ್ಟ ಮೇಲೆ ಬೆಂಗಳೂರು ವಾಪಸ್ ಸಿಕ್ತು. ಆಮೇಲೆ ಏಳೇ ವರ್ಷ, 1799ರ ಮೇ 4ಕ್ಕೆ ಟಿಪ್ಪು ಯುದ್ಧದಲ್ಲಿ ಸತ್ತ, ಎಲ್ಲಾ ಮುಗೀತು. ಟಿಪ್ಪು ಬಗ್ಗೆ ಯಾರ ಅಭಿಪ್ರಾಯ ಏನೇ ಇರ್ಲಿ, ಈ ಇಸವಿಗಳನ್ನ ತಲೇಲಿ ಇಟ್ಕೊಂಡು ಆ ಬಾಲ್ಕನಿ ನೋಡಿದ್ರೆ ಮನಸ್ಸಿಗೆ ಏನೋ ಆಗುತ್ತೆ.

ಬಾಲ್ಕನಿ ಅಂದೆ ಅಲ್ವಾ, ಮೇಲಿನ ಮಹಡೀಲಿ ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಇದೆ, ಟಿಪ್ಪು ಅಲ್ಲಿ ಕೂತು ದರ್ಬಾರು ನಡೆಸ್ತಿದ್ದ, ಮೂಲೆಗಳಲ್ಲಿರೋ ಸಣ್ಣ ಕೋಣೆಗಳು ಜನಾನಾ, ಅಂದ್ರೆ ಅರಮನೆ ಹೆಂಗಸರು ಇರೋ ಜಾಗ. ನಾವು ಹೋದ ದಿನ ಮೇಲಕ್ಕೆ ಬಿಡ್ಲಿಲ್ಲ, ಕೆಳಗಿಂದಾನೆ ಕತ್ತು ಎತ್ತಿ ನೋಡಿದ್ವಿ.

ಕೆಳಗಿನ ಕೋಣೇಲಿ ಪುಟ್ಟ ಮ್ಯೂಸಿಯಂ. ಯುರೋಪಿಯನ್ ಸಿಪಾಯಿ ಮೇಲೆ ಬಿದ್ದಿರೋ ಟಿಪ್ಪುವಿನ ಹುಲಿ ಗೊಂಬೆಯ ನಕಲು ಇದೆ, ಅಸಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ, ಅದರ ಹಿಡಿ ತಿರುಗಿಸಿದ್ರೆ ಹುಲಿ ಗರ್ಜನೆ, ಸಿಪಾಯಿ ನರಳಾಟ ಎರಡೂ ಕೇಳೋ ಥರ ಒಳಗೆ ವಾದ್ಯ ಇಟ್ಟು ಮಾಡಿರೋದು. ಟಿಪ್ಪು ಸಿಂಹಾಸನದ ಚಿತ್ರಾನೂ ಇದೆ, ಇಂಗ್ಲಿಷರನ್ನ ಸೋಲಿಸೋ ತನಕ ಅದರ ಮೇಲೆ ಕೂರಲ್ಲ ಅಂದಿದ್ನಂತೆ, ಕೊನೆಗೂ ಕೂರ್ಲಿಲ್ಲ, ಅವ್ನು ಸತ್ತ ಮೇಲೆ ಅದನ್ನ ಒಡೆದು ಹಂಚ್ಕೊಂಡ್ರು. ಮಗಳು ಆ ಚಿತ್ರದ ಮುಂದೆ ತುಂಬಾ ಹೊತ್ತು ನಿಂತ್ಲು.

ಆದ್ರೆ ನಮ್ಮ ಮಾವನವ್ರನ್ನ ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ಅವ್ರು ಮೂವತ್ತೈದು ವರ್ಷ ಸರ್ಕಾರಿ ಆಫೀಸಲ್ಲಿ ಗುಮಾಸ್ತರಾಗಿದ್ದು ರಿಟೈರ್ ಆದವ್ರು. ಟಿಪ್ಪು ಹೋದ ಮೇಲೆ ಬ್ರಿಟಿಷರು ಇದನ್ನ ಸೆಕ್ರೆಟೇರಿಯೇಟ್ ಮಾಡ್ಕೊಂಡ್ರು, ರಾಜ್ಯದ ಫೈಲೆಲ್ಲಾ ಇಲ್ಲೇ ಇತ್ತು, ಹದಿನೆಂಟು ಇಲಾಖೆಗೆ ಅಂತ ಕಬ್ಬನ್ ಪಾರ್ಕಲ್ಲಿ ಅಠಾರಾ ಕಚೇರಿ ಕಟ್ಟಿ 1868ರಲ್ಲಿ ಅಲ್ಲಿಗೆ ಹೋದ್ರು, ಈಗ ಹೈಕೋರ್ಟ್ ಇದೆಯಲ್ಲ ಅದೇ ಕೆಂಪು ಕಟ್ಟಡ ಅಂದೆ. "ಹಂಗಾದ್ರೆ ನಮ್ಮಂಥವ್ರು ಈ ಕಂಬದ ಪಕ್ಕ ಕೂತು ಟಪ್ಪಾಲು ಬರೀತಿದ್ರಾ ಪುಟ್ಟಿ?" ಅಂತ ಮೊಮ್ಮಗಳನ್ನ ಕೇಳಿದ್ರು. ಅವ್ಳು "ಹೂಂ ತಾತ, ಆದ್ರೆ ಫ್ಯಾನ್ ಇರ್ಲಿಲ್ಲ" ಅಂದ್ಲು. "ಬೇಕಾಗೇ ಇಲ್ಲ ಬಿಡು" ಅಂದು ಕಂಬಕ್ಕೆ ಅಂಗೈ ಒತ್ತಿ ಸುಮ್ನೆ ನಿಂತ್ಬಿಟ್ರು.

ಪಕ್ಕದ ವೆಂಕಟರಮಣ ದೇವಸ್ಥಾನ ತಪ್ಪಿಸ್ಬೇಡಿ, ಚಿಕ್ಕದೇವರಾಜ ಒಡೆಯರ ಕಾಲದ್ದು, ಅಂದ್ರೆ ಅರಮನೆಗಿಂತ ಸುಮಾರು ನೂರು ವರ್ಷ ಹಳೇದು. ವಾಪಸ್ ಮಾರ್ಕೆಟ್ ಕಡೆ ಬರುವಾಗ ಕೋಟೆಯ ದಿಲ್ಲಿ ಗೇಟನ್ನೂ ನೋಡಿ, ಹೈದರ್ 1761ರಲ್ಲಿ ಮಣ್ಣಿನ ಕೋಟೇನ ಕಲ್ಲಲ್ಲಿ ಕಟ್ಟಿಸಿದ್ನಲ್ಲ, ಅದರಲ್ಲಿ ಉಳಿದಿರೋದು ಹೆಚ್ಚೂ ಕಮ್ಮಿ ಅಷ್ಟೇ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಮ್ಮಿ ಮಾಡಿದ್ದು ಬೋರ್ಡು ಸಾಲ್ದು ಅಂತ, ಕನ್ನಡದಲ್ಲಿ ಇನ್ನೂ ನಾಲ್ಕು ಸಾಲು ಜಾಸ್ತಿ ಬರೆದು ಹಾಕಿದ್ರೆ ಎಷ್ಟು ಚೆನ್ನಾಗಿರುತ್ತೆ. ಬೆಳಗ್ಗೆ ಎಂಟೂವರೆಗೆ ಬಾಗ್ಲು ತೆಗೀತಾರೆ, ಆಗ್ಲೇ ಹೋಗಿ, ಹತ್ತರ ಮೇಲೆ ಜನ. ನಮ್ಮ ಮಾವನವ್ರು ಆ ಟಿಕೆಟ್ ಮಡಚಿ ಪಂಚಾಂಗದ ಒಳಗೆ ಇಟ್ಕೊಂಡಿದಾರೆ, ಮುಂದಿನ ಭಾನುವಾರ ಅಠಾರಾ ಕಚೇರಿನ ಹೊರಗಿಂದಾದ್ರೂ ತೋರ್ಸು ಅಂತಿದಾರೆ.