ಮರಳಿ ಓದಲು ಹೊರಟವರಿಗೆ: ಇಗ್ನೋ ರಾಜ್ಯಶಾಸ್ತ್ರ ಎಂ.ಎ., ಮೊದಲ ವರ್ಷದ ಅನುಭವ

ಬಿ.ಎ. ಮುಗಿಸಿ ಹದಿನಾಲ್ಕು ವರ್ಷಗಳಾದ ಮೇಲೆ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಬೇಕೆಂದು ನಿಶ್ಚಯಿಸಿದಾಗ ನನ್ನ ಮುಂದೆ ಎರಡು ದಾರಿಗಳಿದ್ದವು. ನಾನಿರುವ ತುಮಕೂರಿನಲ್ಲೇ ತರಗತಿಗೆ ಸೇರುವುದು ಒಂದು; ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ಅಂದರೆ ಇಗ್ನೋದ, ದೂರಶಿಕ್ಷಣ ಇನ್ನೊಂದು. ಬೆಳಿಗ್ಗೆ ಹತ್ತಕ್ಕೆ ಬ್ಯಾಂಕಿನ ಕೌಂಟರಿನಲ್ಲಿ ಕೂರಬೇಕಾದವರಿಗೆ ಹಗಲಿನ ತರಗತಿಯಾಗಲಿ ಶೇ. 75ರ ಹಾಜರಾತಿಯಾಗಲಿ ಹೊಂದುವುದಿಲ್ಲವೆಂದು ಗೊತ್ತಿತ್ತು. ಆದರೂ ಕಳೆದುಕೊಳ್ಳಲಿರುವುದು ಏನೆಂದು ತಿಳಿಯದೆ ಬಿಟ್ಟುಕೊಡಬಾರದೆನಿಸಿ, ಎರಡು ದಿನ ರಜೆ ಹಾಕಿ, ಅಧ್ಯಾಪಕರೊಬ್ಬರ ಅನುಮತಿ ಪಡೆದು, ಎಂ.ಎ. ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಪಾಠ ಕೇಳಿದೆ.

ಅಂದು ನಡೆದದ್ದು ಪಂಚಾಯತಿಗಳ ಪಾಠ. ಪಂಚಾಯತಿಗಳಿಗೆ ಸಂವಿಧಾನದ ಮಾನ್ಯತೆಯನ್ನೂ ಅಲ್ಲಿ ಮಹಿಳೆಯರಿಗೆ ಮೀಸಲಾತಿಯನ್ನೂ ಕೊಟ್ಟ 73ನೆಯ ತಿದ್ದುಪಡಿಯ ವಿಧಿಗಳನ್ನು ಅಧ್ಯಾಪಕರು ವಿವರಿಸುತ್ತಿರುವಾಗ, ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ತನ್ನ ತಾಯಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದರೂ ಸಭೆಯ ನೋಟಿಸು ತಂದೆಯ ಕೈಗೆ ಬರುತ್ತಿತ್ತೆಂದೂ, ಎರಡನೆಯ ವರ್ಷದಿಂದ ತಾಯಿಯೇ ಅದನ್ನು ಕೇಳಿ ಪಡೆಯತೊಡಗಿದರೆಂದೂ ಹೇಳಿದಳು. ಮುಂದಿನ ಅರ್ಧ ಗಂಟೆ ಇಡೀ ತರಗತಿ ಅದೇ ವಿಷಯವನ್ನು ಚರ್ಚಿಸಿತು. ಯಾವ ಪಠ್ಯಪುಸ್ತಕವೂ ಕೊಡಲಾರದ ಪಾಠ ಅದು. ತರಗತಿಯ ಬೆಲೆ ಏನೆಂದು ಕೇಳುವವರಿಗೆ ನಾನು ಈ ಅರ್ಧ ಗಂಟೆಯನ್ನೇ ಹೇಳುತ್ತೇನೆ.

ಕೊನೆಗೆ ಸೇರಿದ್ದು ಇಗ್ನೋಗೆ. 1985ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದಲ್ಲಿ ಎಂ.ಎ.ಯನ್ನು ಕನಿಷ್ಠ ಎರಡು, ಗರಿಷ್ಠ ನಾಲ್ಕು ವರ್ಷಗಳಲ್ಲಿ ಮುಗಿಸಬಹುದು. ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುವುದರಿಂದ, ಮಾರ್ಚ್ ತಿಂಗಳ ಲೆಕ್ಕಪತ್ರಗಳ ಒತ್ತಡದಲ್ಲಿ ಓದು ಹಿಂದೆ ಬಿದ್ದರೆ ಒಂದೆರಡು ಪತ್ರಿಕೆಗಳನ್ನು ಡಿಸೆಂಬರಿಗೆ ಉಳಿಸಿಕೊಳ್ಳಲು ಅವಕಾಶವಿದೆ. ದುಡಿಯುವವರಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ದೂರಶಿಕ್ಷಣವೆಂದರೆ ಸುಲಭದ ಓದು ಎಂದು ನಂಬಿ ಬರುವವರು ಒಂದು ಲೆಕ್ಕ ಹಾಕಿಕೊಳ್ಳಬೇಕು. ಇಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. ನನ್ನ ಮೊದಲ ವರ್ಷದಲ್ಲಿ ರಾಜಕೀಯ ಸಿದ್ಧಾಂತ, ಅಂತರರಾಷ್ಟ್ರೀಯ ಸಂಬಂಧಗಳು, ಭಾರತದ ಪ್ರಜಾಪ್ರಭುತ್ವ ಮತ್ತು ಅಭಿವೃದ್ಧಿ, ತುಲನಾತ್ಮಕ ರಾಜಕೀಯ ಎಂಬ ನಾಲ್ಕು ಪತ್ರಿಕೆಗಳಿದ್ದು, ಪ್ರತಿಯೊಂದಕ್ಕೂ 8 ಕ್ರೆಡಿಟ್. ಒಟ್ಟು 960 ಗಂಟೆಗಳು. ಅಂದರೆ ವರ್ಷವಿಡೀ ದಿನಕ್ಕೆ ಎರಡೂವರೆ ಗಂಟೆಗೂ ಮಿಕ್ಕಿದ ಓದು. ನಾನು ಬೆಳಗಿನ ಜಾವ ನಾಲ್ಕೂವರೆಯಿಂದ ಆರೂವರೆಯವರೆಗೆ ಓದಿ, ಉಳಿದದ್ದನ್ನು ಭಾನುವಾರಗಳಲ್ಲಿ ಸರಿದೂಗಿಸಿಕೊಂಡೆ. ಅಧ್ಯಯನ ಕೇಂದ್ರದ ಸಂಪರ್ಕ ತರಗತಿಗಳು ನನ್ನ ವಿಷಯಕ್ಕೆ ಕಡ್ಡಾಯವಲ್ಲ. ಬಿಡುವಾದಾಗ ಹೋಗಿದ್ದೇನೆ, ಪ್ರಯೋಜನವೂ ಆಗಿದೆ.

ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯ ಜೀವಾಳ ಅಸೈನ್‌ಮೆಂಟ್. ಒಟ್ಟು ಅಂಕಗಳಲ್ಲಿ ಶೇ. 30 ಇದಕ್ಕೆ, ಉಳಿದ ಶೇ. 70 ಪರೀಕ್ಷೆಗೆ. ಸಿದ್ಧ ಉತ್ತರಗಳನ್ನು ಮಾರುವವರು ಎಲ್ಲ ಕಡೆಯೂ ಇದ್ದಾರೆ. ಅದನ್ನು ಕೊಂಡು ನಕಲು ಮಾಡಿದವರ ಬಗ್ಗೆ ನನಗೆ ಸಿಟ್ಟಿಗಿಂತ ಮರುಕವೇ ಹೆಚ್ಚು. ಏಕೆಂದರೆ ನಾವು ಬರೆದದ್ದನ್ನು ವಿಷಯ ಬಲ್ಲವರೊಬ್ಬರು ಓದಿ ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವ ಸಂದರ್ಭ ದೂರಶಿಕ್ಷಣದಲ್ಲಿ ಇದೊಂದೇ. ಸ್ಥಳೀಯ ಆಡಳಿತದ ಪ್ರಶ್ನೆಗೆ ನಾನು, ತಿದ್ದುಪಡಿಗಿಂತ ಮೊದಲೇ ಕರ್ನಾಟಕ 1983ರ ಕಾಯ್ದೆಯ ಮೂಲಕ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟದ್ದನ್ನೂ, ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಪಾತ್ರವನ್ನೂ, 1987ರ ಪಂಚಾಯಿತಿ ಚುನಾವಣೆಯನ್ನೂ ಸೇರಿಸಿ ಉತ್ಸಾಹದಿಂದ ಬರೆದಿದ್ದೆ. ಮರಳಿ ಬಂದ ಹಾಳೆಯ ಅಂಚಿನಲ್ಲಿ, ಸಂಗತಿಗಳು ಸರಿಯಾಗಿವೆ, ಇವುಗಳಿಂದ ನೀವು ಸಾಧಿಸಹೊರಟದ್ದೇನು ಎಂಬ ಪ್ರಶ್ನೆಯಿತ್ತು. ಮಾಹಿತಿ ಕೂಡಿಸುವುದಕ್ಕೂ ವಾದ ಕಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಕಲಿತದ್ದು ಆ ಒಂದು ಸಾಲಿನಿಂದ. ಆದರೆ ಅದಕ್ಕೆ ಉತ್ತರವಾಗಿ ಮಾತಾಡಲು ಎದುರಿಗೆ ಯಾರೂ ಇರಲಿಲ್ಲ; ಆ ಕೊನೆಯ ಬೆಂಚು ನೆನಪಾಯಿತು. ಆಮೇಲೆ ಇದೇ ಕೋರ್ಸ್ ಓದುತ್ತಿದ್ದ ಶಾಲಾ ಶಿಕ್ಷಕರೊಬ್ಬರ ಪರಿಚಯವಾಗಿ, ಎರಡು ವಾರಕ್ಕೊಮ್ಮೆ ಒಟ್ಟಿಗೆ ಕುಳಿತು ಚರ್ಚಿಸತೊಡಗಿದ ಮೇಲೆ ಆ ಕೊರತೆ ಅರ್ಧದಷ್ಟು ನೀಗಿತು.

ಭಾಷೆಯ ವಿಷಯವನ್ನು ಮುಚ್ಚಿಡಬಾರದು. ಈ ಎಂ.ಎ. ಇಂಗ್ಲಿಷ್ ಮತ್ತು ಹಿಂದಿ ಮಾಧ್ಯಮಗಳಲ್ಲಿದೆ, ಕನ್ನಡದಲ್ಲಿಲ್ಲ. ಕನ್ನಡದಲ್ಲೇ ಯೋಚಿಸಿ ಕನ್ನಡದಲ್ಲೇ ಬರೆಯಬಯಸುವವರು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವನ್ನು ಮೊದಲು ನೋಡಬೇಕು. ಮೈಸೂರು ವಿಶ್ವವಿದ್ಯಾಲಯದ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯಿಂದ ಬೆಳೆದು 1996ರಲ್ಲಿ ಸ್ವತಂತ್ರವಾಗಿ ಆರಂಭವಾದ ಅದಕ್ಕೆ ಜಿಲ್ಲೆಗಳಲ್ಲಿ ಪ್ರಾದೇಶಿಕ ಕೇಂದ್ರಗಳೂ ಇವೆ.

‘ಕರೆಸ್ಪಾಂಡೆನ್ಸ್ ಪದವಿಗೆ ಬೆಲೆಯಿದೆಯೇ’ ಎಂದು ಈಗಲೂ ಕೇಳುವವರಿದ್ದಾರೆ. ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣದ ಪದವಿಗಳು ತರಗತಿಯ ಪದವಿಗಳಿಗೆ ಸಮಾನವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಹಣ ಕಟ್ಟುವ ಮುನ್ನ ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂಬುದನ್ನು ಯುಜಿಸಿಯ ಪಟ್ಟಿಯಲ್ಲೇ ನೋಡಿಕೊಳ್ಳಬೇಕು. ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು ಪದವಿಗಳಿಗೆ ಈ ದಾರಿಯಿಲ್ಲ. ಇಗ್ನೋ ಪಠ್ಯಗಳು ಅದರದೇ ಜಾಲತಾಣವಾದ ಇ-ಜ್ಞಾನಕೋಶದಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಘಟಕವನ್ನು ಯಾರ ನೆರವೂ ಇಲ್ಲದೆ ಓದಿ, ಒಂದು ಪುಟದ ಉತ್ತರ ಬರೆದು ನೋಡಿದರೆ ಈ ಬಗೆಯ ಓದು ತನಗೆ ಒಗ್ಗುತ್ತದೆಯೇ ಎಂಬುದು ಸೇರುವ ಮೊದಲೇ ತಿಳಿಯುತ್ತದೆ.

ನನ್ನ ತಂಗಿ ಹಾಗೆಯೇ ಓದಿ ನೋಡಿದಳು. ಪಿಯುಸಿಯ ನಂತರ ಅವಳು ಓದು ಬಿಟ್ಟದ್ದು ಸಮಯವಿಲ್ಲದೆ ಅಲ್ಲ, ಒಬ್ಬಳೇ ಕುಳಿತು ಓದಲಾಗದೆ. ಮೂರನೆಯ ಪುಟಕ್ಕೆ ಪುಸ್ತಕ ಮುಚ್ಚಿಟ್ಟಳು. ಈಗ ಬೆಂಗಳೂರಿನ ಸಂಜೆ ಕಾಲೇಜೊಂದರಲ್ಲಿ ಬಿ.ಕಾಂ.ಗೆ ಸೇರಿದ್ದಾಳೆ, ಕೆಲಸ ಮುಗಿಸಿ ನೇರವಾಗಿ ತರಗತಿಗೆ ಹೋಗಿ, ಗೆಳತಿಯರೊಡನೆ ಅಂದಿನ ಲೆಕ್ಕಗಳನ್ನು ಅಲ್ಲೇ ಬಿಡಿಸಿ, ರಾತ್ರಿ ಒಂಬತ್ತೂವರೆಗೆ ಮನೆ ಸೇರುತ್ತಾಳೆ.